ಇಲ್ಲದ ತಂಗಿಗೆ

ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಏಳನೇ ತರಗತಿಯ ಪರೀಕ್ಷೆಗೆ ಕೂತವಳನ್ನು ನೋಡಿ ನಗಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನಗುವವರು ನಗಲಿ. ಚಿತ್ತಾಪುರದ ದವಾಖಾನೆಯೊಂದರಲ್ಲಿ ಹದಿನಾಲ್ಕು ವರ್ಷ ದಿನಗೂಲಿಯ ಆಯಾ ಆಗಿ ದುಡಿದಿದ್ದೇನೆ. ಈ ಊರಿನ ಎಷ್ಟೋ ಮಕ್ಕಳ ಮೊದಲ ಅಳುವನ್ನು ಅವರ ತಾಯಿಗಿಂತ ಮೊದಲು ಕೇಳಿದವಳು ಈ ಹಮೀದಾಬೇಗಂ. ಅಷ್ಟು ವರ್ಷ ಯಾರೂ ನನ್ನ ಓದು ಕೇಳಲಿಲ್ಲ. ಈಗ ಖಾಯಂ ಮಾಡುತ್ತೇವೆ, ಏಳನೇ ಪಾಸಾದ ಕಾಗದ ತಾ ಎಂದರು. ತರದಿದ್ದರೆ ಮುದುಕಿಯಾಗುವತನಕ ದಿನಗೂಲಿಯೇ. ಸರಿ, ಪರೀಕ್ಷೆ ಕಟ್ಟಿದೆ.

1985ರ ಏಪ್ರಿಲ್. ಮೊದಲ ದಿನ ಕನ್ನಡ. ಮುಂದಿನ ಬೆಂಚುಗಳ ತುಂಬ ಹಾಲು ಹಲ್ಲು ಬಿದ್ದದ್ದನ್ನು ಇನ್ನೂ ಮರೆಯದ ಮಕ್ಕಳು. ಹೊರಗಿನಿಂದ ಕಟ್ಟಿದ ನಾವು ನಾಲ್ವರು ಕೊನೆಯ ಸಾಲಿನಲ್ಲಿ, ಮಕ್ಕಳ ಬೆಂಚಿನಲ್ಲಿ ಮೊಳಕಾಲು ಮಡಚಿಕೊಂಡು ಕೂತಿದ್ದೆವು. ತಗಡಿನ ಮಾಡು ರೊಟ್ಟಿ ಹಂಚಿನ ಹಾಗೆ ಕಾದಿತ್ತು. ನಸುಕಿನಲ್ಲೇ ಎದ್ದು ರೊಟ್ಟಿ ಬಡಿದಿಟ್ಟು ಬಂದವಳಿಗೆ ಕಣ್ಣು ಎಳೆಯುತ್ತಿದ್ದವು. ಚಪ್ಪಲಿ ಕಳಚಿ ಅಂಗಾಲುಗಳನ್ನು ನೆಲದ ಶಹಾಬಾದ್ ಕಲ್ಲಿನ ಫರಸಿಗೆ ಒತ್ತಿ ಹಿಡಿದೆ. ತಂಪು ನಿಧಾನ ಮೇಲೇರಿತು.

ಮೊದಲ ಪ್ರಶ್ನೆಗಳು ಹೇಗೋ ದಾಟಿದವು. ಎಂಟನೆಯದಕ್ಕೆ ಬಂದು ನಿಂತೆ. 'ಶಾಲೆ ಬಿಡುವೆನೆನ್ನುವ ನಿಮ್ಮ ತಂಗಿಗೆ ಬುದ್ಧಿವಾದ ಹೇಳಿ ಒಂದು ಪತ್ರ ಬರೆಯಿರಿ. ಹದಿನೈದು ಅಂಕ.' ನನಗೆ ತಂಗಿ ಇಲ್ಲ. ನಾಲ್ವರು ತಮ್ಮಂದಿರಿದ್ದಾರೆ, ಅವರಿಗೆ ಬುದ್ಧಿ ಹೇಳಿ ಹೇಳಿ ನನ್ನ ಗಂಟಲು ಹರಿದಿದೆ. ಇಲ್ಲದ ತಂಗಿಗೆ ಏನು ಬರೆಯಲಿ ಎಂದು ಪೆನ್ನಿನ ಮುಚ್ಚಳ ಕಚ್ಚುತ್ತ ಕೂತೆ.

ಆಗ ಯಾರೋ ಬೆಂಚಿನ ಆ ತುದಿಯಲ್ಲಿ ಬಂದು ಕೂತರು. ಕೊಬ್ಬರಿ ಎಣ್ಣೆಯ ವಾಸನೆ ಬಂತು. ಎರಡು ಜಡೆ, ಕೆಂಪು ರಿಬ್ಬನ್ನು, ಅಬ್ಬಾನ ಹಳೆಯ ಶೇರವಾನಿ ಹರಿದು ಹೊಲಿದ ಚೀಲ. ಆ ಚೀಲ ನೋಡಿದ ಮೇಲೆ ಇವಳು ಯಾರೆಂದು ಕೇಳುವ ಅಗತ್ಯವಿರಲಿಲ್ಲ. ನಾನೇ, ಹನ್ನೊಂದು ವರ್ಷದ ಹಮೀದಾ. ನನಗೆ ಅಂಜಿಕೆಯೂ ಆಗಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ಬಂದದ್ದು ಸಿಟ್ಟು ಮಾತ್ರ.

ಅವಳು ನನ್ನ ತೋಳು ಜಗ್ಗಿದಳು. "ನಡಿ, ಮನಿಗಿ ಹೋಗಮು," ಅಂದಳು. ಪರೀಕ್ಷೆ ನೋಡಿಕೊಳ್ಳುವ ಮಾಸ್ತರರು ನಮ್ಮ ಪಕ್ಕದಿಂದಲೇ ಹಾದು ಹೋದರು. ಅವರ ಅಂಗಿಯ ಗಾಳಿಗೆ ಅವಳ ರಿಬ್ಬನ್ನು ಅಲುಗಿತು, ಆದರೂ ಅವರು ಇತ್ತ ತಿರುಗಲಿಲ್ಲ. ನಿಜ ಹೇಳುತ್ತೇನೆ, ನನಗೂ ಎದ್ದು ಹೋಗಬೇಕೆನಿಸಿತು. ಒಮ್ಮೆ ಎದ್ದು ಹೋದ ಕಾಲುಗಳು ದಾರಿ ಮರೆಯುವುದಿಲ್ಲ.

ಆ ಒಮ್ಮೆಯ ಕತೆ ಹೀಗಿದೆ. ನಮ್ಮ ಊರು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ. ನಾಲ್ಕನೆಯದರವರೆಗೆ ಉರ್ದುವಿನಲ್ಲಿ ಓದಿ ಮೊದಲ ನಂಬರು ಬಂದವಳನ್ನು ಐದನೆಯದರಲ್ಲಿ ಕನ್ನಡಕ್ಕೆ ಕೂಡಿಸಿದರು. ಓಣಿಯ ಕನ್ನಡ ನಾಲಿಗೆಯ ಮೇಲಿತ್ತು, ಓದಲು ಬರುತ್ತಿರಲಿಲ್ಲ. ಚಿಂಚೋಳಿ ಕಡೆಯಿಂದ ಹೊಸದಾಗಿ ಬಂದಿದ್ದ ನಾಮದೇವ ಮಾಸ್ತರರು ನನ್ನನ್ನು ನಿಲ್ಲಿಸಿ ಓದಿಸಿದರು. ಅಕ್ಕಿಯಲ್ಲಿ ಹರಳು ಆರಿಸಿದಂತೆ ಒಂದೊಂದೇ ಅಕ್ಷರ ಆರಿಸಿದೆ. ಕ್ಲಾಸೆಲ್ಲ ನಕ್ಕಿತು. ಮಾಸ್ತರರೂ ನಕ್ಕರು. ಪುಸ್ತಕ ಅಲ್ಲೇ ಇಟ್ಟು ಎದ್ದು ಬಂದುಬಿಟ್ಟೆ.

ನನ್ನ ಅಬ್ಬಾ ಗುಲಾಮ ದಸ್ತಗೀರ ಕಚೇರಿಯ ಮುಂದೆ ಚಾಪೆ ಹಾಸಿ ಉರ್ದುವಿನಲ್ಲಿ ಅರ್ಜಿ ಬರೆಯುತ್ತಿದ್ದವರು. ಆ ವರ್ಷ ಅವರ ಚಾಪೆಗೆ ಬರುವ ಜನ ಕಡಿಮೆಯಾಗಿದ್ದರು. ಯಾಕೆ ಬಂದೆ ಎಂದು ಕೇಳಿದರು. ನಾಚಿಕೆಯಾಯಿತು ಎನ್ನಲು ನನಗೆ ನಾಚಿಕೆ. "ನಿಮ್ಮಂಥವರಿಗಿ ಇದು ಸಾಲಿ ಅಲ್ಲ ಅಂತ ಮಾಸ್ತರ್ ಅಂದ್ರು," ಎಂದುಬಿಟ್ಟೆ. ಅಬ್ಬಾ ಎರಡನೇ ಮಾತು ಕೇಳಲಿಲ್ಲ. ಅವರ ಎದೆಯಲ್ಲಿ ಆಗಲೇ ಇದ್ದ ಮಾತನ್ನು ನಾನು ಬಾಯಿಂದ ಆಡಿದ್ದೆ, ಅಷ್ಟೆ. ಓಣಿಯೆಲ್ಲ ಅದನ್ನು ನಂಬಿತು. ಮಾಸ್ತರರು ಎರಡು ಸಲ ನಮ್ಮ ಬಾಗಿಲಿಗೆ ಬಂದರು, ಎರಡು ಸಲವೂ ಅಬ್ಬಾ ಒಳಗಿನಿಂದಲೇ ಸಾಗಹಾಕಿದರು. ಸಾಯುವತನಕ ಆ ಮನುಷ್ಯನಿಗೆ ಒಂದು ಸಲಾಂ ಹೇಳಲಿಲ್ಲ. ಮಾಸ್ತರರು ಆಮೇಲೆ ಊರೂರು ತಿರುಗಿ ವರ್ಗವಾಗಿ ಮತ್ತೆ ಚಿತ್ತಾಪುರಕ್ಕೇ ಬಂದು ಮನೆ ಮಾಡಿದರು. ದಾರಿಯಲ್ಲಿ ಕಂಡರೆ ನಾನು ಬುರ್ಖಾದ ಮುಸುಕು ಇಳಿಸಿಕೊಂಡು ಪಕ್ಕದ ಸಂದಿ ಹಿಡಿಯುತ್ತಿದ್ದೆ.

"ಹೋಗಲ್ಲ," ಎಂದು ಹುಡುಗಿಗೆ ಹೇಳಿದೆ. ಉತ್ತರದ ಹಾಳೆ ಎಳೆದುಕೊಂಡೆ.

'ತಂಗಿ ಹಮೀದಾಳಿಗೆ ಆಶೀರ್ವಾದಗಳು,' ಎಂದು ಬರೆದೆ. 'ನಗುವವರು ಗಂಟೆ ಹೊಡೆಯುವತನಕ ನಗುತ್ತಾರೆ. ಆಮೇಲೆ ಅವರಿಗೆ ಹಸಿವಾಗುತ್ತದೆ, ನಿನ್ನನ್ನು ಮರೆತು ಮನೆಗೆ ಓಡುತ್ತಾರೆ. ನೀನೊಬ್ಬಳೇ ಅದನ್ನು ಇಪ್ಪತ್ತೆಂಟು ವರ್ಷ ನೆನಪಿಟ್ಟುಕೊಳ್ಳುತ್ತೀ. ಆದ್ದರಿಂದ ನಾಳೆ ಮತ್ತೆ ಹೋಗು. ದೊಡ್ಡವಳಾದ ಮೇಲೆ ಧೈರ್ಯ ತಾನಾಗಿ ಬರುತ್ತದೆ ಎಂದು ಕಾಯಬೇಡ. ನಾನು ಕಾದು ನೋಡಿದ್ದೇನೆ, ಬರುವುದು ಬರೀ ಮೊಳಕಾಲು ನೋವು.'

ಹುಡುಗಿ ಬಗ್ಗಿ ಓದುತ್ತಿದ್ದಳು. ಅವಳಿಗೆ ಈಗ ಕನ್ನಡ ಹೇಗೆ ಬಂತೋ, ತುಟಿ ಅಲುಗುತ್ತಿದ್ದವು. ಮೊಳಕಾಲಿನ ಮಾತಿಗೆ ಕಿಸಕ್ಕೆಂದು ನಕ್ಕಳು. ಕಿಟಕಿಯಾಚೆ ಬಿಸಿಲು ಎಷ್ಟು ಬೆಳ್ಳಗಿತ್ತೆಂದರೆ ಬೇವಿನ ಮರ, ಮೈದಾನ, ಕಂಪೌಂಡಿನ ಗೋಡೆ ಎಲ್ಲ ಕರಗಿಹೋಗಿದ್ದವು. ನಾವಿಬ್ಬರು ಮತ್ತು ಆ ಬೆಂಚು ಮಾತ್ರ ಉಳಿದಂತಿತ್ತು. ನಾನು ಮುಂದಿನ ಸಾಲು ಬರೆದೆ. 'ಮಾಸ್ತರರು ನಿನಗೆ ಬರಬೇಡ ಎಂದಿರಲಿಲ್ಲ. ಅದು ನೀನು ಹೇಳಿದ ಸುಳ್ಳು.'

ಅವಳ ಕೈ ಹಾಳೆಯ ಮೇಲೆ ಬಂತು.

"ಅದು ಬರೀಬ್ಯಾಡ. ಅಬ್ಬಾಗ ಗೊತ್ತಾಗ್ತದ."

"ಅಬ್ಬಾ ತೀರಿಕೊಂಡು ಒಂಬತ್ತು ವರ್ಷ ಆತು," ಎಂದೆ.

ಹೇಳಬಾರದಿತ್ತು. ಅವಳಿಗೆ ಗೊತ್ತಿರಲಿಲ್ಲ. ಅವಳ ಅಬ್ಬಾ ಬೆಳಿಗ್ಗೆಯಷ್ಟೇ ಜಡೆಯ ರಿಬ್ಬನ್ನು ಬಿಗಿದು ಕಳಿಸಿದ್ದರು. ಅವಳು ಅಳಲಿಲ್ಲ, ಚೀಲವನ್ನು ಎದೆಗೆ ಒತ್ತಿಕೊಂಡು ತಲೆ ತಗ್ಗಿಸಿದಳು. ಇಪ್ಪತ್ತೆಂಟು ವರ್ಷ ಬೈಯುತ್ತ ಬಂದ ಈ ಹುಡುಗಿ ಇಷ್ಟು ಸಣ್ಣವಳು ಎಂದು ನಾನು ಯಾವತ್ತೂ ಎಣಿಸಿರಲಿಲ್ಲ. ಮಣಿಕಟ್ಟು ಬಳೆಗಳಿಗೆ ಸಾಲದಷ್ಟು ಸಪೂರ. ಆಮೇಲೆ ಅವಳು ತಲೆ ಎತ್ತಿ ಕೇಳಿದಳು.

"ಮತ್ತ ನೀ ಯಾರಿಗಿ ಅಂಜಿ ಹೇಳಿಲ್ಲ?"

ಆ ಪ್ರಶ್ನೆಗೆ ಅಂಕವಿರಲಿಲ್ಲ. 'ಇಂತಿ ನಿನ್ನ ಅಕ್ಕ' ಎಂದು ಬರೆದು ಮುಗಿಸಿದೆ. ಉಳಿದ ಪ್ರಶ್ನೆಗಳನ್ನು ಒಂದೂ ಬಿಡದೆ ಬರೆದು, ಕೊನೆಯ ಗಂಟೆ ಹೊಡೆದ ಮೇಲೆಯೇ ಎದ್ದೆ.

ಹುಡುಗಿ ನನ್ನ ಸಂಗಡ ನಡೆದಳು. ದವಾಖಾನೆಯ ಕಡೆಗೆ ಹೋಗಬೇಕಾದ ನಾನು ಪೋಸ್ಟಾಫೀಸಿನ ಹಿಂದಿನ ಓಣಿಗೆ ತಿರುಗಿದೆ. ಮಧ್ಯಾಹ್ನದ ಊರು ಮಲಗಿತ್ತು, ನಾಯಿಗಳೂ ಕಟ್ಟೆಯ ಕೆಳಗೆ ಸೇರಿದ್ದವು. ಅವಳು ಒಂದು ನೆರಳಿನಿಂದ ಇನ್ನೊಂದು ನೆರಳಿಗೆ ಜಿಗಿಯುತ್ತ ಬಂದಳು. ದೂರದಲ್ಲಿ ವಾಡಿಯ ಕಡೆಗೆ ಹೋಗುವ ರೈಲುಗಾಡಿ ಕೂಗಿತು. ನನ್ನ ಹೆಜ್ಜೆಯ ಸದ್ದೇ ನನಗೆ ಕೇಳುತ್ತಿರಲಿಲ್ಲ. ಕನಸಿನಲ್ಲಿ ನಡೆಯುವಾಗ ಹೀಗೇ ಅಲ್ಲವೇ, ಎಲ್ಲಿಗೆ ಹೋಗುತ್ತಿದ್ದೇನೆಂದು ಕಾಲಿಗೆ ಮಾತ್ರ ಗೊತ್ತಿರುತ್ತದೆ.

ನಾಮದೇವ ಮಾಸ್ತರರು ಪಡಸಾಲೆಯಲ್ಲಿ ಕೂತು ಹೊರಸಿನ ನವಾರು ಪಟ್ಟಿ ಬಿಗಿಯುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಹುಡುಗಿ ಹೊರಬಾಗಿಲ ಹೊರಗೇ ನಿಂತುಬಿಟ್ಟಳು. ನಾನು ಒಳಗೆ ಹೋಗಿ ಮುಸುಕು ತೆಗೆದು ನಿಂತೆ.

ಗುಲಾಮ ದಸ್ತಗೀರರ ಮಗಳು ಎಂದೆ. ಅವರು ಬಾ, ಕುಂದ್ರು ಎಂದರು. ಕೂತರೆ ಬಾಯಿ ಕಟ್ಟುತ್ತದೆಂದು ನಿಂತೇ ಹೇಳಿದೆ. ನೀವು ಆಡದ ಮಾತನ್ನು ಆಡಿದಿರಿ ಎಂದು ಮನೆಯಲ್ಲಿ ಹೇಳಿದ್ದೆ, ಅಬ್ಬಾ ಅದನ್ನು ನಂಬಿಯೇ ಸತ್ತರು, ನಿಮ್ಮನ್ನು ಓಣಿಯಲ್ಲಿ ಕೆಟ್ಟವರನ್ನಾಗಿ ಮಾಡಿದವಳು ನಾನು ಎಂದೆ. ಎಲ್ಲ ಒಂದೇ ಉಸಿರಿನಲ್ಲಿ ಮುಗಿಯಿತು. ಇಷ್ಟು ವರ್ಷ ಹೊತ್ತದ್ದು ಇಷ್ಟೇ ಇತ್ತೇ ಎಂದು ನನಗೇ ಬೇಸರವಾಯಿತು.

ಮಾಸ್ತರರು ನವಾರಿನ ತುದಿಯನ್ನು ಹೊರಸಿಗೆ ಸುತ್ತಿದರು.

"ಗೊತ್ತಿತ್ತು," ಅಂದರು.

ಬಜಾರಿನಲ್ಲಿ ಅವರ ಕಿವಿಗೆ ಅದು ಆ ವಾರವೇ ಬಿದ್ದಿತ್ತಂತೆ. ಆಗ ಅವರಿಗೆ ಇಪ್ಪತ್ತಮೂರು ವರ್ಷ, ಹೊಸ ನೌಕರಿ, ಪರವೂರು. ಭಾಳ ಸಿಟ್ಟು ಬಂದಿತ್ತು, ಅಂಜಿಕೆಯೂ ಆಗಿತ್ತು. ಎರಡನೇ ಸಲ ನಮ್ಮ ಬಾಗಿಲಿಗೆ ಬಂದದ್ದು 'ನಾನು ಹಂಗ ಅಂದೇ ಇಲ್ಲ' ಎಂದು ಜಗಳ ಮಾಡಿ ಹೇಳಲಿಕ್ಕೇ ಅಂತೆ. ಹಾಗಾದರೆ ಯಾಕೆ ಹೇಳಲಿಲ್ಲ ಎಂದೆ.

"ಬಾಗಲ ಸಂದಿನಾಗ ನೀ ಕಂಡಿ. ಅಪ್ಪನ ಹಿಂದ ನಿಂತಿದ್ದಿ, ಮಾರಿ ಬೆಳ್ಳಗ ಬಿಳಚಿತ್ತು. ನಾ ಅಂದಿಲ್ಲ ಅಂತಂದ್ರ ನೀ ಸುಳ್ಳಿ ಆಗ್ತಿದ್ದಿ, ನಿಮ್ಮಪ್ಪ ಬಿಡ್ತಿದ್ದಿಲ್ಲ ನಿನಗ. ಅದಕ್ಕ ನಾ ತಿರುಗಿ ಬಂದ." ನವಾರನ್ನು ಒಮ್ಮೆ ಜಗ್ಗಿ ಮತ್ತೆ ಹೇಳಿದರು, "ಅವತ್ತು ನಾನೂ ನಕ್ಕಿದ್ದ ನೋಡು. ಅದಂತೂ ಸುಳ್ಳಲ್ಲ."

ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ಹುಡುಗಿಯ ಪರವಾಗಿ ದೊಡ್ಡವರಲ್ಲಿ ಒಬ್ಬರೂ ಇರಲಿಲ್ಲ ಎಂದು ನಾನು ತಿಳಿದಿದ್ದೆ. ಬೈಸಿಕೊಂಡೇ ಇಷ್ಟು ವರ್ಷ ಅವಳ ಪರ ನಿಂತವರು ಇಲ್ಲಿ ಕೂತು ನವಾರು ಬಿಗಿಯುತ್ತಿದ್ದರು. ನಾನು ಅತ್ತುಬಿಟ್ಟೆ. ಹೆರಿಗೆ ಕೋಣೆಯಲ್ಲಿ ಎಂಥೆಂಥದಕ್ಕೂ ಅಳದವಳು, ಆ ಮನುಷ್ಯನ ಮೆಟ್ಟಿಲ ಮೇಲೆ ಕೂತು ಅತ್ತೆ. ಅವರು ನವಾರಿನ ಕೆಲಸ ನಿಲ್ಲಿಸಿದರು.

ಕಣ್ಣೊರೆಸಿಕೊಂಡು ಬಾಗಿಲ ಕಡೆ ತಿರುಗಿದೆ. ಅವಳು ಇನ್ನೂ ಅಲ್ಲೇ ಇದ್ದಳು. ಯಾರನ್ನು ನೋಡುತ್ತಿರುವೆ ಎಂದು ಮಾಸ್ತರರು ಕೇಳಿದರು.

"ನಮ್ಮ ಹುಡುಗಿ ರೀ," ಎಂದೆ. "ಒಳಗ ಬರ್ಲಿಕ್ಕ ಅಂಜ್ಯಾಳ."

ಅವರು ಹಣೆಗೆ ಕೈ ಅಡ್ಡ ಹಿಡಿದು ಬಾಗಿಲಾಚೆಯ ಬಿಳಿ ಬಿಸಿಲನ್ನು ನೋಡಿದರು.

"ಕರಿ ಆಕೀಗಿ," ಅಂದರು. "ಭಾಳ ಹೊತ್ತಾತು, ಬಿಸಲಾಗ ನಿಂತಾಳ."