ಕಾಗೆ ಮುಟ್ಟಿದ ಪಿಂಡ

ಅಡಿಲೇಡಿನ ಕಾಗೆಗಳಿಗೆ ಅನ್ನ ಅಂದರೆ ಅಷ್ಟಕ್ಕಷ್ಟೆ. ಅವಕ್ಕೆ ಬೇಕಾದ್ದು ಮಾಂಸ. ಯಾರ ಮನೆಯ ಹಿತ್ತಲಲ್ಲಿ ಬಾರ್ಬಿ, ಅಂದರೆ ಕೆಂಡದ ಮೇಲೆ ಮಾಂಸ ಸುಡುವ ಬಾರ್ಬೆಕ್ಯೂ, ಇದೆಯೋ ಅಲ್ಲಿಗೆ ನೆಂಟರಿಗಿಂತ ಮುಂಚೆ ಅವೇ ಹಾಜರು. ಈ ಊರಿನ ಪ್ರಾಸ್ಪೆಕ್ಟ್ ಬಡಾವಣೆಯಲ್ಲಿ ವರ್ಷಗಟ್ಟಲೆ ಬಾಳಿದ ಮೈಥಿಲಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಗಂಡ ಸತ್ತ ಹತ್ತನೆಯ ದಿನ, ಹಲ್ಲು ಕಟಕಟಿಸುವ ಚಳಿಯಲ್ಲಿ, ಅವಳು ಆ ಹಾಳು ಕಾಗೆಗಳನ್ನೇ ನಂಬಿಕೊಂಡು ಹಿತ್ತಲಲ್ಲಿ ನಿಂತಿದ್ದಳು. ನಂಬುವುದಕ್ಕೆ ಬೇರೆ ಯಾರು ಉಳಿದಿದ್ದರು ಹೇಳಿ?

ಗಂಡ ನಟರಾಜ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಕಡಲ ಕಡೆ ಹೋಗುತ್ತಿದ್ದ. ನೀರಿನ ಮೇಲೆ ಉದ್ದಕ್ಕೆ ಚಾಚಿದ ಮರದ ಕಟ್ಟೆಯ ತುದಿಯವರೆಗೆ ನಡೆದು ವಾಪಸು ಬರುತ್ತಿದ್ದ. ಒಂದು ದಿನ ಬರಲಿಲ್ಲ. ಕಾಲು ಜಾರಿ ಬಿದ್ದಿರಬೇಕು ಎಂದರು ಪೊಲೀಸರು. ಬಿದ್ದಿರಬೇಕು! ಹಾಗಂದರೆ ಏನರ್ಥ? ಅವತ್ತು ಅವನ ಕನ್ನಡಕ ಊಟದ ಮೇಜಿನ ಮೇಲೆಯೇ ಇತ್ತು. ಕನ್ನಡಕವಿಲ್ಲದೆ ಎದುರಿಗೆ ನಿಂತವರ ಮುಖವೂ ಕಾಣದ ಮನುಷ್ಯ. ಮರೆತು ಹೋಗಿ, ಕಣ್ಣು ಕಾಣದೆ ಬಿದ್ದನೇ? ಇಲ್ಲ, ಇನ್ನು ನೋಡುವುದೇನಿದೆ ಎಂದು ಬಿಟ್ಟುಹೋದನೇ? ಮೈಥಿಲಿಗೆ ಆವತ್ತಿನಿಂದ ಅನ್ನ ಗಂಟಲಿಗಿಳಿದಿರಲಿಲ್ಲ.

ಬಿಟ್ಟುಹೋಗುವ ಮನುಷ್ಯನಲ್ಲ ಎಂದು ಎದೆ ತಟ್ಟಿ ಹೇಳುವ ಧೈರ್ಯವೂ ಅವಳಿಗಿರಲಿಲ್ಲ. ಮೈಸೂರಿನಲ್ಲಿ ದೇವರ ಕೋಣೆಗೆ ಕಾಲಿಡದವನು ಈ ದೇಶಕ್ಕೆ ಬಂದ ಮೇಲೆ ಏನನ್ನೋ ಹುಡುಕತೊಡಗಿದ. ಮೊದಲು ಕ್ಯಾನಿಂಗ್ಟನ್ ಎಂಬಲ್ಲಿದ್ದಾಗ ಪ್ರತಿ ಶನಿವಾರ ದೇವಸ್ಥಾನ, ಅಲ್ಲಿ ಪಾತ್ರೆ ತೊಳೆಯುವ ಸೇವೆ ಬೇರೆ. ಕೆಲಸಕ್ಕಾಗಿ ಬ್ರಿಸ್ಬೇನಿಗೆ ಹೋದರೆ ಅಲ್ಲಿ ಧ್ಯಾನ, ಮೌನವ್ರತ, ಈರುಳ್ಳಿ ಬೆಳ್ಳುಳ್ಳಿ ಬಂದ್. ಅಡಿಲೇಡಿಗೆ ಬಂದ ಮೇಲೆ ಪಕ್ಕದ ಮನೆಯವರ ಜೊತೆ ಚರ್ಚಿಗೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬಂದ. "ಎಲ್ಲರೂ ಒಳ್ಳೆಯವರೇ ಕಣೇ. ಆದ್ರೆ ಎಲ್ಲಿ ಹೋದ್ರೂ ಗೆಸ್ಟ್ ಥರಾನೇ ಅನ್ಸುತ್ತೆ," ಎಂದಿದ್ದ. ಅವಳು ನಕ್ಕು, "ಮನೇಲಿ ಕೂತ್ಕೊಂಡು ಬೀನ್ಸ್ ಹೆಚ್ಚಿಕೊಡಿ, ಸರಿಹೋಗುತ್ತೆ," ಎಂದಿದ್ದಳು. ಅವನು ಸುಮ್ಮನೆ ಹೆಚ್ಚಿಕೊಟ್ಟಿದ್ದ.

ಈಗ ಬಟ್ಟೆ ಒಣಹಾಕುವ ಕಂಬದ ಕೆಳಗೆ, ಇಂಡಿಯನ್ ಅಂಗಡಿಯ ಫ್ರೀಜರಿನಿಂದ ತಂದ ಬಾಳೆಲೆಯ ಮೇಲೆ, ಮೂರು ಪಿಂಡಗಳಿದ್ದವು. ಮಗ ಅಮೋಘನೇ ಗ್ಯಾರೇಜಿನಲ್ಲಿ ಅನ್ನ ಬೇಯಿಸಿ, ಎಳ್ಳು ಕಲಸಿ, ಉಂಡೆ ಕಟ್ಟಿ ತಂದಿಟ್ಟಿದ್ದ. ಯೂನಿವರ್ಸಿಟಿ ಹುಡುಗ, ಈ ದೇಶದಲ್ಲೇ ಹುಟ್ಟಿದವನು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಅಪ್ಪ ಹೋದ ಮೇಲೆ ಅದೂ ಕಡಿಮೆ. ನಿನ್ನೆಯಂತೂ ಸಂಜೆಯೆಲ್ಲ ಒಬ್ಬನೇ ಹಿತ್ತಲಲ್ಲಿ ಕೂತಿದ್ದು, ತುಟಿ ನೀಲಿಗಟ್ಟಿಸಿಕೊಂಡು ಒಳಗೆ ಬಂದಿದ್ದ. ಫೋನಿನಲ್ಲಿ ಮುಳುಗಿದ್ದನೆಂದುಕೊಂಡು ಮೈಥಿಲಿ ಚೆನ್ನಾಗಿ ಬೈದಿದ್ದಳು.

ಮಂತ್ರ ಹೇಳುತ್ತಿದ್ದವನು ವೇಣುಗೋಪಾಲ. ವಾರವೆಲ್ಲ ಸಾಫ್ಟ್‌ವೇರ್ ಟೆಸ್ಟಿಂಗ್, ಶನಿವಾರ ಭಾನುವಾರ ಪೌರೋಹಿತ್ಯ. "ಎಲ್ಲರೂ ಸ್ವಲ್ಪ ಹಿಂದೆ ಸರೀರಿ. ಕಾಗೆ ಬರಬೇಕಲ್ಲ," ಎಂದ.

ಸರಿದರು. ಬೇಲಿಯ ಮೇಲೆ ಬಿಳಿಗಣ್ಣಿನ ದೊಡ್ಡ ಕಾಗೆಯೊಂದು ಆಗಲೇ ಬಂದು ಕೂತಿತ್ತು. ಇಲ್ಲಿಯ ಕಾಗೆಗಳು ಕಾ ಕಾ ಅನ್ನುವುದಿಲ್ಲ, ಹಸುಗೂಸಿನ ಹಾಗೆ ರಾಗ ಎಳೆದು ಅಳುತ್ತವೆ. ಅದು ಅತ್ತಿತು, ಕತ್ತು ಕೊಂಕಿಸಿತು, ಕೆಳಗಿಳಿಯಲಿಲ್ಲ.

"ಏನೋ ಆಸೆ ಉಳ್ಕೊಂಡಿದೆ ಪಾಪ," ಎಂದು ಕಣ್ಣೊರೆಸಿಕೊಂಡರು ಸುಲೋಚನಾ ಆಂಟಿ. ಈ ಊರಿನ ಕನ್ನಡದವರ ಪಾಲಿಗೆ ಹಿರಿಯರೆಂದರೆ ಅವರೇ. ಕಾಗೆಯ ಕಡೆ ಕೈಮುಗಿದು, "ನಟರಾಜ್, ಮೈಥಿಲಿನ ನಾವೆಲ್ಲ ನೋಡ್ಕೋತೀವಪ್ಪ. ನಿನ್ನ ಮಗನ ಓದು ನಿಲ್ಲಲ್ಲ. ಮುಟ್ಟಪ್ಪ," ಎಂದರು. ಕಾಗೆ ಜಗ್ಗಲಿಲ್ಲ.

ವೇಣುಗೋಪಾಲ ಸಂಕೋಚದಿಂದ ಕೆಮ್ಮಿದ. "ಮೈಥಿಲಿಯವ್ರೇ, ದರ್ಭೆಯಲ್ಲೇ ಒಂದು ಕಾಗೆ ಮಾಡಿ ಮುಟ್ಟಿಸಿಬಿಡೋಣ. ಶಾಸ್ತ್ರದಲ್ಲಿ ನಡಿಯುತ್ತೆ."

"ಹುಲ್ಲಿನ ಕಾಗೆ ಬೇಡ," ಎಂದಳು ಮೈಥಿಲಿ. "ಹುಲ್ಲಿಗೇನು ಗೊತ್ತಾಗುತ್ತೆ?"

ಅವಳು ಕಣ್ಣು ಮುಚ್ಚಿದಳು. ಇಷ್ಟು ದಿನ ಯಾರ ಬಳಿಯೂ ಬಾಯಿಬಿಡದ ಮಾತನ್ನು ಮನಸ್ಸಿನಲ್ಲೇ ಗಂಡನಿಗೆ ಹೇಳಿದಳು. ‘ನೀವಾಗಿ ನಮ್ಮನ್ನ ಬಿಟ್ಟು ಹೋಗ್ಲಿಲ್ಲ ಅನ್ನೋದಾದ್ರೆ ಮುಟ್ಟಿಬಿಡಿ ರೀ. ಇನ್ನೇನೂ ಕೇಳಲ್ಲ ನಾನು. ಬಿದ್ರಿ ಅಂತಾದ್ರೆ ಮುಟ್ಟಿಬಿಡಿ.’

ರೆಕ್ಕೆ ಬಡಿದ ಸದ್ದು. ಕಣ್ಣು ಬಿಟ್ಟರೆ ಕಾಗೆ ಎಲೆಯ ಮೇಲಿತ್ತು! ಒಂದು ಉಂಡೆಯನ್ನು ಕುಕ್ಕಿ ಒಡೆಯಿತು, ಕೊಕ್ಕಿಗೆ ಸಿಕ್ಕಿದ್ದನ್ನು ಕಚ್ಚಿಕೊಂಡು ಹಾರಿತು. ಸುಲೋಚನಾ ಆಂಟಿ "ಅಪ್ಪಾ, ತೃಪ್ತಿಯಾಯ್ತು," ಎಂದು ಅಲ್ಲೇ ಕುಸಿದು ಕೂತರು. ಮೈಥಿಲಿಗೆ ಅಳುವೋ ನಗುವೋ ತಿಳಿಯಲಿಲ್ಲ. ಬಿದ್ದದ್ದು! ನನ್ನ ಗಂಡ ಬಿದ್ದದ್ದು! ಎದೆಯ ಮೇಲಿನ ಬಂಡೆ ಜಾರಿದಂತಾಗಿ ಅವತ್ತು ಎಲ್ಲರ ಜೊತೆ ಕೂತು ತಿಳಿಸಾರು ಅನ್ನ ಉಂಡಳು, ಎರಡನೇ ಸಲ ಹಾಕಿಸಿಕೊಂಡಳು.

ಎಲ್ಲರೂ ಹೊರಟುಹೋದ ಮೇಲೆ, ಎಲೆಯಲ್ಲಿ ಉಳಿದದ್ದನ್ನು ಹೊಳೆಗೆ ಬಿಡಬೇಕೆಂದು ಹಿತ್ತಲಿಗೆ ಹೋದಳು. ಬಗ್ಗಿದಳು. ಒಡೆದ ಉಂಡೆಯೊಳಗೆ, ಎಳ್ಳಿನ ನಡುವೆ, ತೆಳು ಕೆಂಪು ಬಣ್ಣದ ಚೂರೊಂದು ಕಾಣಿಸಿತು. ಬೆರಳಿಂದ ಒತ್ತಿದಳು. ಸಾಸೇಜು, ಮಾಂಸದ ತುಂಡು. ಉಳಿದ ಉಂಡೆಗಳನ್ನೂ ಒಡೆದಳು. ಅವುಗಳಲ್ಲೂ ಇತ್ತು.

"ಅಮೋಘಾ!"

ಅವನು ಬಾಗಿಲಿಗೆ ಬಂದ. ಎಲೆ ನೋಡಿದ, ಅಮ್ಮನ ಮುಖ ನೋಡಿದ. ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಏನೋ ಇದು? ಅಪ್ಪನ ಪಿಂಡದಲ್ಲಿ ಏನೋ ಇದು?"

"ಸಾರಿ ಅಮ್ಮ. ದೇ ಡೋಂಟ್ ಈಟ್ ರೈಸ್."

"ಅಯ್ಯೋ ಪಾಪಿ!" ಅವಳು ಎದ್ದು ಬಾಗಿಲಿಗೆ ಬಂದಳು. "ನಾನು ಏನು ಕೇಳಿದ್ದೆ ಗೊತ್ತೇನೋ ನಿಂಗೆ? ಏನು ನಂಬ್ಕೊಂಡು ಅನ್ನ ತಿಂದೆ ಗೊತ್ತೇನೋ? ನಿಂಗೆ ಇದೆಲ್ಲ ತಮಾಷೆ. ನಂಬಿಕೆ ಇಲ್ದಿದ್ರೆ ದೂರ ನಿಂತ್ಕೋಬೇಕಿತ್ತು. ಯಾಕೋ ಹೀಗ್ಮಾಡ್ದೆ?" ಹೊಡೆಯಲು ಕೈ ಎತ್ತಿದಳು.

ಅವನು ತಪ್ಪಿಸಿಕೊಳ್ಳಲಿಲ್ಲ. "ನಿನ್ನೆ ನೀನು ಮಲ್ಗಿದ್ದಾಗ ನಾನು ಅನ್ನ ಇಟ್ಟೆ ಅಮ್ಮ," ಎಂದ. ಇಂಗ್ಲಿಷಲ್ಲ, ಕನ್ನಡ. ಮಗು ಹೆಜ್ಜೆಯಿಡುವಂತೆ ಒಂದೊಂದೇ ಮಾತು ಬರುತ್ತಿತ್ತು. "ಇಲ್ಲೇ. ಬರೀ ಅನ್ನ, ಎಳ್ಳು. ಅಪ್ಪನ್ನ ಕೇಳ್ದೆ."

"ಏನಂತ?"

"ಬಿದ್ದಿದ್ರೆ ಮುಟ್ಟು ಅಂತ."

ಎತ್ತಿದ ಕೈ ಹಾಗೇ ನಿಂತಿತು. ಬೇಲಿಯ ಮೇಲೆ ಅದೇ ಕಾಗೆ ಮತ್ತೆ ಬಂದು ಕೂತು, ಎಲೆಯ ಕಡೆ ನೋಡುತ್ತಿತ್ತು.

"ಕತ್ತಲಾಗೋ ತನಕ ಕೂತಿದ್ದೆ ಅಮ್ಮ," ಎಂದ ಅಮೋಘ. "ಮುಟ್ಲಿಲ್ಲ."