ಸೋಂಪಿನ ವಾಸನೆಯಿಲ್ಲದ ಶಿಲುಬೆ

"ಮೂಸು! ಮೂಗು ಸತ್ತೋಗಿದ್ಯಾ ನಿಂಗೆ? ಮೂಸು ಅಂದ್ರೆ!"

ಎರ್ಮೆಲಿಂದಾ ಬಾಗಿಲ ಮೇಲಿನ ಹಳದಿ ಹೂವಿನ ಶಿಲುಬೆಯನ್ನು ಕಿತ್ತು ಗಂಡನ ಮುಖಕ್ಕೆ ಹಿಡಿದಳು.

"ಪೆರಿಕೋನ್ ಹೂ ತಾರಯ್ಯಾ ಅಂದ್ರೆ ರಸ್ತೆ ಬದಿ ಕಳೆ ತಂದಿದ್ದೀಯಲ್ಲ! ಎಲೆ ನೋಡು, ಬೆಕ್ಕಿನ ನಾಲಿಗೆ ಥರ ಒರಟು. ಉಜ್ಜಿದ್ರೆ ಸೋಂಪಿನ ವಾಸನೆ ಎಲ್ಲಿ?"

"ಹಳದಿ ಹೂ ತಾನೇ, ಬಿಡೇ," ಎಂದ ಫಿದೆನ್ಸಿಯೊ.

ನಾಳೆ ಸಂತ ಮಿಗೆಲನ ಹಬ್ಬ. ಇವತ್ತು ಸೈತಾನ ಊರು ಸುತ್ತುವ ದಿನ. ಅವನನ್ನು ತಡೆಯುವ ಪೆರಿಕೋನ್ ಶಿಲುಬೆ ಇಲ್ಲದ ಬಾಗಿಲೂ ಇಲ್ಲ, ಜೋಳದ ಹೊಲವೂ ಇಲ್ಲ. ಎದುರು ಮನೆಯ ವಿಧವೆ ಒತೀಲಿಯಾಳ ಬಾಗಿಲಲ್ಲೂ ಒಂದಿತ್ತು. ಅದರ ಘಮ ರಸ್ತೆ ದಾಟಿ ಬರುತ್ತಿತ್ತು. ಬೆಳಿಗ್ಗೆ ಅವಳೂ ಫಿದೆನ್ಸಿಯೊನೂ ಹೂ ಹೊತ್ತು ನಗುತ್ತಾ ಬಂದದ್ದನ್ನು ಎರ್ಮೆಲಿಂದಾ ಕಣ್ಣಾರೆ ಕಂಡಿದ್ದಳು.

"ಅವಳಿಗೆ ಪೆರಿಕೋನ್, ನಂಗೆ ಕತ್ತೆ ಮೇವಾ?"

ರಸ್ತೆ ದಾಟಿದವಳೇ ಒತೀಲಿಯಾಳ ಶಿಲುಬೆಯನ್ನು ಕಿತ್ತು ತಂದಳು. ಇನ್ನೊಬ್ಬರ ಬಾಗಿಲಿನ ಶಿಲುಬೆ ಮುಟ್ಟುವ ಕೆಲಸವನ್ನು ಆ ಊರಲ್ಲಿ ಕುಡುಕರೂ ಮಾಡಿರಲಿಲ್ಲ.

ಒತೀಲಿಯಾ ಹಿಂದೆಯೇ ಬಂದಳು. "ಥೂ, ನಿನ್ನ ಬಾಯಿಗಿಷ್ಟು! ಅದನ್ನ ಕುಯ್ದಿದ್ದು ನಾನು ಕಣೇ. ಹೋದ ಚಳಿಗಾಲದ ಜ್ವರದಲ್ಲಿ ನಿನ್ನ ಗಂಡನಿಗೆ ವಾಸನೆಯೇ ಹೋಗಿದೆ. ಯಾವುದು ಪೆರಿಕೋನ್ ಅಂತ ದಾರೀಲಿ ನನ್ನ ಕೇಳ್ದ. ತೋರಿಸ್ಕೊಟ್ಟೆ. ನಾನು ಆ ಕಡೆ ಹೋಗಿದ್ದೇ, ಪೆದ್ದ ಪಕ್ಕದ ಗಿಡಾನೇ ಕುಯ್ದವ್ನೆ."

ಒತೀಲಿಯಾ ತನ್ನ ಮನೆಗೆ ಹಿಂದಿರುಗಿ ಬಾಗಿಲು ದಡಾರನೆ ಹಾಕಿಕೊಂಡಳು.

ಎರ್ಮೆಲಿಂದಾಳಿಗೆ ಅರ್ಥವಾಯಿತು. ತಾನು ಒಣಮೆಣಸಿನಕಾಯಿ ಅರೆದು ಮಾಡುವ ಮೋಲೆ ಸಾರಿನ ಘಮವನ್ನು ಅವನು ಹೊಗಳದೆ ಎಷ್ಟು ತಿಂಗಳಾಗಿತ್ತು! ಇನ್ಯಾರ ಅಡುಗೆಯೋ ರುಚಿಸಿದೆ ಎಂದುಕೊಂಡು ದಿನಾ ಕುದ್ದಿದ್ದಳು. ಆದರೆ ಈಗ ಇನ್ನೂ ಹೆಚ್ಚು ಉರಿಯಿತು.

"ಅವಳಿಗೆ ಹೇಳ್ದೆ. ನಂಗ್ಯಾಕೆ ಹೇಳ್ಲಿಲ್ಲ?"

"ಅವಳು ನಕ್ಕು ಸುಮ್ನಾದ್ಲು," ಎಂದ ಫಿದೆನ್ಸಿಯೊ. "ನಿಂಗೆ ಹೇಳಿದ್ರೆ, ಯಾರನ್ನ ಮೂಸೋಕೆ ಹೋಗಿ ಮೂಗು ಕಳ್ಕೊಂಡೆ ಅಂತ ಕೇಳ್ತಿದ್ದೆ."

"ಹೂಂ, ಕೇಳ್ತಿದ್ದೆ! ಈಗ್ಲೂ ಕೇಳ್ತೀನಿ!"

ಅವನು ಟೋಪಿ ಹಾಕಿಕೊಂಡ. ಕಿತ್ತ ಶಿಲುಬೆಯನ್ನು ಅವಳ ಕೈಯಿಂದ ತೆಗೆದುಕೊಂಡು ಎದುರು ಬಾಗಿಲಿಗೆ ಮತ್ತೆ ಕಟ್ಟಿದ.

ಈಗ ಬಾಗಿಲು ತೆರೆಯುತ್ತದೆ, ಒಳಗೆ ಹೋಗುತ್ತಾನೆ ಎಂದು ಎರ್ಮೆಲಿಂದಾ ಪೊರಕೆ ಹಿಡಿದು ಕಾದಳು. ಬಾಗಿಲು ತೆರೆಯಲಿಲ್ಲ. ಅವನು ತಟ್ಟಲೂ ಇಲ್ಲ. ಹಳದಿ ಹೂಗಳ ನಡುವೆ ಹೆದ್ದಾರಿಯ ಕಡೆ ನಡೆದ.

ಎದುರು ಮನೆಗಾದರೂ ಹೋಗಿದ್ದರೆ ಜುಟ್ಟು ಹಿಡಿದು ಎಳೆದು ತರಬಹುದಿತ್ತು. ಮುಂದಿನ ವರ್ಷ ಎದುರು ಬಾಗಿಲಿಗೆ ಹೊಸ ಶಿಲುಬೆ ಬಂದಾಗಲೂ ಫಿದೆನ್ಸಿಯೊ ಮರಳಿ ಬಂದಿರಲಿಲ್ಲ.