ಮೂಲೆಗೆ ಮೂರು ಪೆಟ್ಟು

ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯ ಹಿಂದೆ, ಕಂಪೌಂಡ್ ಗೋಡೆಯ ಬದಿಗೆ ಆಳು ನುಸುಳುವಷ್ಟೇ ಜಾಗ ಬಿಟ್ಟು ನಿಲ್ಲಿಸಿದ್ದ ಮಿಕ್ಸರ್ ಲಾರಿಯ ಡ್ರಮ್ಮಿನೊಳಗೆ ಸೈದಪ್ಪ ಬೆಳಿಗ್ಗೆ ಏಳರಿಂದ ಉಳಿ ಹೊಡೆಯುತ್ತಿದ್ದ. ಕಾಂಕ್ರೀಟ್ ಸಾಗಿಸುವ ಡ್ರಮ್ಮಿನ ಒಳಗೋಡೆಗೆ ದಿನವೂ ಒಂದಿಷ್ಟು ಅಂಟಿ ಗಟ್ಟಿಯಾಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಆಳು ಒಳಗಿಳಿದು ಅದನ್ನು ಕೆತ್ತಿ ತೆಗೆಯದಿದ್ದರೆ ಲಾರಿ ಕಲ್ಲು ಹೊತ್ತೇ ತಿರುಗಬೇಕು. ಇಳಿಯಲು ಡ್ರಮ್ಮಿನ ಪಕ್ಕದಲ್ಲಿ ಒಂದೂವರೆ ಅಡಿ ಅಗಲದ ಕಿಂಡಿಯಿದೆ; ಅಂದು ಅದು ಗೋಡೆಯ ಕಡೆಗಿತ್ತು. ಹಿಂಬದಿಯ ಬಾಯಿಗೆ ಕಾಂಕ್ರೀಟ್ ಸುರಿಯುವ ಲಾಳಿಕೆಯಂಥ ಹಾಪರ್ ಕೂತಿರುವುದರಿಂದ ಅಲ್ಲಿ ಬೆಕ್ಕು ನುಗ್ಗೀತು, ಆಳು ನುಗ್ಗಲಾರ.

ಕೆತ್ತುವವರಲ್ಲಿ ಒಂದು ರೂಢಿಯಿತ್ತು. ಗಮ್‌ಬೂಟ್ ತೊಟ್ಟು ಒಳಗಿಳಿಯುವವನು ತನ್ನ ಚಪ್ಪಲಿಯನ್ನು ಡ್ರೈವರನ ಬಾಗಿಲ ಮೆಟ್ಟಿಲ ಮೇಲೆ ಬಿಟ್ಟು ಹೋಗುತ್ತಾನೆ. ಹೊಸ್ತಿಲಾಚೆ ಚಪ್ಪಲಿ ಕಂಡರೆ ಮನೆಯೊಳಗೆ ಮನುಷ್ಯ ಇದ್ದಾನೆಂದು ಯಾರಿಗಾದರೂ ತಿಳಿಯುತ್ತದಲ್ಲ, ಹಾಗೆ. ಚಪ್ಪಲಿ ಇರುವ ತನಕ ಇಂಜಿನ್ ಮುಟ್ಟುವಂತಿಲ್ಲ. ಹನ್ನೊಂದು ವರ್ಷದಲ್ಲಿ ಈ ರೂಢಿ ಸೈದಪ್ಪನಿಗೆ ಒಮ್ಮೆಯೂ ಕೈ ಕೊಟ್ಟಿರಲಿಲ್ಲ.

ತಳದಲ್ಲಿ ಅವನಿಗೆ ಎರಡು ಬಗೆಯ ಕಲ್ಲು ಸಿಗುತ್ತಿದ್ದವು. ಆಗಷ್ಟೇ ಕೆತ್ತಿ ಕೆಡವಿದವು ಮೊನಚು, ಕೈ ಸೀಳುತ್ತಿದ್ದವು. ಹಿಂದಿನ ಸಲ ಉಳಿದುಹೋಗಿ ಹತ್ತಾರು ಟ್ರಿಪ್ ಡ್ರಮ್ಮಿನ ಜೊತೆ ಉರುಳಿದವು ಮಾತ್ರ ಲಿಂಬೆಹಣ್ಣಿನಷ್ಟು ದುಂಡಗೆ. ಜೇವರ್ಗಿ ಕಡೆಯ ಅವನ ಊರಲ್ಲಿ ಭೀಮಾ ನದಿಯ ಕಲ್ಲುಗಳೂ ಹೀಗೇ ಇದ್ದವು. ಯಾರೂ ಕಡೆಯದೆ ಕಲ್ಲು ದುಂಡಗಾಗುವುದು ಹೇಗೆಂಬುದನ್ನು ಸೈದಪ್ಪ ಡ್ರಮ್ಮಿನಲ್ಲಿ ಕುಳಿತೇ ಕಂಡುಕೊಂಡಿದ್ದ. ಕಲ್ಲಿನ ಮೈಗೆ ಪೆಟ್ಟು ಬೀಳುವುದು ಒಂದೇ ಕಡೆಯಿಂದ. ಅಂಚಿಗೆ ಎರಡು ಕಡೆಯಿಂದ. ಮೂಲೆಗೆ ಮೂರು ಕಡೆಯಿಂದ. ಅದಕ್ಕೇ ಮೂಲೆ ಮೊದಲು ಹೋಗುತ್ತದೆ, ಆಮೇಲೆ ಅಂಚು. ಅಂಥ ನಾಲ್ಕಾರು ಗುಂಡುಗಳನ್ನು ಅವನು ಮನೆಗೂ ಒಯ್ದಿದ್ದ. ಹೆಂಡತಿ ಮರಗಮ್ಮ ಅವುಗಳಿಂದ ಬೆಳ್ಳುಳ್ಳಿ ಜಜ್ಜುತ್ತಿದ್ದಳು.

ಅಂದು ಖಂಡೇನವಮಿ, ಗಾಡಿಗಳಿಗೆಲ್ಲ ಆಯುಧಪೂಜೆಯ ದಿನ. ಪಕ್ಕದ ಅಂಗಳದಲ್ಲಿ ಹತ್ತು ಗಂಟೆಗೇ ಢೋಲು ಶುರುವಾಗಿ ಅವನ ಸುತ್ತಿಗೆಯ ಸದ್ದು ಅವನಿಗೇ ಕೇಳದಂತಾಗಿತ್ತು. ಧೂಳು ಇಳಿಯಲೆಂದು ಸುತ್ತಿಗೆ ಕೆಳಗಿಟ್ಟು ಕೂತಾಗ ಬೆನ್ನ ಹಿಂದಿನ ಉಕ್ಕು ನಡುಗಿತು. ಬೇರೆ ಲಾರಿಯಿರಬೇಕು ಅಂದುಕೊಂಡ. ಅಷ್ಟರಲ್ಲಿ ಕಿಂಡಿಯ ಬೆಳಕು ಮೇಲಕ್ಕೆ ಹತ್ತತೊಡಗಿತು.

ಕೂಗಿದ. ಡ್ರಮ್ಮು ಆ ಕೂಗನ್ನು ಅವನಿಗೇ ವಾಪಸು ಕೊಟ್ಟಿತು. ಕಾಲ ಕೆಳಗಿನ ನೆಲ ಗೋಡೆಯಾಯಿತು. ಅವನು ಜಾರಿ ಬಿದ್ದ, ಕೆತ್ತಿದ ಕಲ್ಲುಗಳು ಅವನ ಮೇಲೆ ಬಿದ್ದವು. ಮೊದಲ ಸುತ್ತಿನಲ್ಲೇ ಎಡ ಮೊಣಕೈ ಒಡೆಯಿತು. ಕಿಂಡಿ ತಲೆಯ ಮೇಲೆ ಹಾದು, ಇಳಿದು, ಲಾರಿಯ ಅಡಿತೊಲೆಯ ಬಳಿ ಗೇಣಗಲದ ಸಂದಾಗಿ, ಮತ್ತೆ ಏರಿತು. ಆ ಸಂದಿನಲ್ಲಿ ಕಾಲು ಇಳಿದಿದ್ದರೆ ತೊಲೆ ಅದನ್ನು ಕತ್ತರಿಸಿಬಿಡುತ್ತಿತ್ತು.

ಮೂಲೆ ಮೊದಲು ಹೋಗುತ್ತದೆ. ಸೈದಪ್ಪ ಮೊಣಕಾಲನ್ನು ಎದೆಗೆ ತಂದ, ಕೈಗಳನ್ನು ಹೊಟ್ಟೆಗೆ ಒತ್ತಿದ, ಗದ್ದವನ್ನು ಒಳಗೆ ಸೇರಿಸಿದ. ಹೊರಚಾಚಿದ್ದು ಏನನ್ನೂ ಉಳಿಸದೆ ಕಲ್ಲುಗಳ ಜೊತೆ ಉರುಳಿದ.

ಹೊರಗೆ ಆದದ್ದು ಅವನಿಗೆ ಆಮೇಲೆ ತಿಳಿಯಿತು. ಲಾರಿಯ ಒಡೆಯ ಕಮಲಾಕ್ಷ ನೆರೂಳದಿಂದ ಹಾರ ಹಿಡಿದು ಪೂಜೆಗೆ ಬಂದಿದ್ದ. ಕೆತ್ತುವವರ ರೂಢಿ ತಿಳಿಯದ ಅವನು, ಪೂಜೆಯ ಗಾಡಿಯ ಮೆಟ್ಟಿಲ ಮೇಲೆ ಚಪ್ಪಲಿ ಕಂಡು ಕಸಿವಿಸಿಯಾಗಿ, ಡ್ರೈವರ್ ಅನಿಲಕುಮಾರನಿಗೆ ಹೇಳಿ ಗೋಡೆಯ ಬುಡದಲ್ಲಿ ಇಡಿಸಿದ. ಅನಿಲಕುಮಾರ ಈ ಗಾಡಿಗೆ ಬಂದು ನಾಲ್ಕೇ ದಿನ. ಚಪ್ಪಲಿಯ ಅರ್ಥ ಅವನಿಗೆ ಯಾರೂ ಹೇಳಿರಲಿಲ್ಲ, ಹಬ್ಬದ ದಿನ ಕೆತ್ತುವವನು ಬರುವುದಿಲ್ಲವೆಂದೂ ಎಣಿಸಿದ್ದ. ಹಿಂದಿನ ಸಂಜೆ, ಹಬ್ಬ ಕಳೆದ ಮೇಲಿನ ಕೆತ್ತನೆಗೆಂದು ಕಿಂಡಿಯನ್ನು ಗೋಡೆಯ ಕಡೆಗೆ ತಿರುಗಿಸಿದ ಮೇಲೆ ಡ್ರಮ್ಮಿನ ಲಿವರನ್ನು ನಡುವಿಗೆ ತಾರದೆ ಚಾವಿ ಕಿತ್ತಿದ್ದವನೂ ಅವನೇ. ಈಗ ಚಕ್ರದಡಿಯ ಲಿಂಬೆಹಣ್ಣು ತುಳಿಸಲೆಂದು ಇಂಜಿನ್ ಹಾಕಿದ, ಅದರೊಂದಿಗೇ ಡ್ರಮ್ಮೂ ತಿರುಗಿತು.

ಬುತ್ತಿ ತಂದಿದ್ದ ಮರಗಮ್ಮನ ಕಾಲಿಗೆ ಒಂದು ಗುಂಡು ಬಂದು ಬಡಿಯಿತು. ಕಿಂಡಿ ಕೆಳಗೆ ಬಂದಾಗಲೆಲ್ಲ ಕಲ್ಲು ಸುರಿಯುತ್ತಿತ್ತು. ಮೊನಚಿನವು ಬಿದ್ದಲ್ಲೇ ಕೂತವು, ದುಂಡಗಿನವು ಅಂಗಳದುದ್ದ ಉರುಳಿದವು. ತನ್ನ ಒಲೆಯ ಪಕ್ಕದ ಗುಂಡಿನಂಥದ್ದೇ ಎಂದು ಅವಳಿಗೆ ಗುರುತು ಸಿಕ್ಕಿತು. ಆಮೇಲೆ ಗೋಡೆಯ ಬುಡದ ಚಪ್ಪಲಿ ಕಂಡಿತು. ಅವಳು ಲಾರಿಯ ಮುಂದೆ ನುಗ್ಗಿ ಎರಡೂ ಕೈಯಿಂದ ಅದರ ಮೂತಿಗೆ ಬಡಿದಳು.

"ಒಳಗ ನನ್ನ ಗಂಡ ಅದಾನ. ಬಂದ್ ಮಾಡೋ ಭಾಡ್ಯಾ."

ಇಂಜಿನ್ ನಿಂತಿತು. ಕಿಂಡಿ ಸರಿಯಾಗಿ ತೊಲೆಯ ಮೇಲೆ ನಿಂತಿತು. ಒಳಗೆ ಕತ್ತಲೆ, ಸಿಮೆಂಟ್ ಧೂಳಿನ ವಾಸನೆ, ಗೇಣಗಲದ ಬೆಳಕು. ಆ ಬೆಳಕಿನಲ್ಲಿ ಮರಗಮ್ಮನ ಬೆರಳುಗಳು ಕಂಡವು.

"ಜೀವ ಅದ?"

"ಅದ. ಕೈ ಹೋಗ್ಯದ."

ಡ್ರಮ್ಮು ಕೊಯ್ಯಲು ಗ್ಯಾಸ್ ಕಟರ್ ತರಿಸೋಣವೆಂದು ಅನಿಲಕುಮಾರ ಹೇಳಿದ. ಹಬ್ಬಕ್ಕೆ ಎಲ್ಲ ಅಂಗಡಿಯೂ ಮುಚ್ಚಿತ್ತು; ತೆರೆದಿದ್ದರೂ ಕಾದ ಉಕ್ಕಿನ ಹೊಗೆ ಒಳಗೇ ತುಂಬುತ್ತಿತ್ತು. "ಕಾಲು ಸುತ್ತು ತಿರುಗಿಸಿದರೆ ಕಿಂಡಿ ಗೋಡೆ ಕಡೆ ಬರ್ತದೆ ಮಾರಾಯ, ಅಷ್ಟೇ," ಎಂದ ಕಮಲಾಕ್ಷ. ಅಷ್ಟು ಹಗುರವಾಗಿದ್ದರೆ ನೀವೇ ಒಳಗೆ ಕೂತು ತಿರುಗಿಸಿಕೊಳ್ಳಿ ಸಾವಕಾರ್ರೆ ಎಂದಳು ಮರಗಮ್ಮ.

ಸೈದಪ್ಪನಿಗೆ ಎರಡೂ ಕೇಳಿಸಿದವು. ತಿರುಗಿಸದೆ ಅವನು ಹೊರಬರುವಂತಿರಲಿಲ್ಲ. ತಿರುಗಿಸಿದರೆ ಯಾವ ಕಾಲು ಸುತ್ತು ಎಲ್ಲಿ ನಿಲ್ಲುತ್ತದೋ ಗೊತ್ತಿರಲಿಲ್ಲ. ಬೆವರು ಕಣ್ಣಿಗಿಳಿಯುತ್ತಿತ್ತು, ಉಸಿರು ಗಿಡ್ಡವಾಗುತ್ತಿತ್ತು. ಕೈಗೆ ಸಿಕ್ಕ ಮೊನಚು ಕಲ್ಲುಗಳನ್ನೆಲ್ಲ ಬಲಗೈಯಿಂದ ಒಂದೊಂದಾಗಿ ಸಂದಿನಿಂದ ಹೊರಗೆ ತಳ್ಳಿದ. ಹಾಯದೆ ಉಳಿದ ದೊಡ್ಡವನ್ನು, ಕಾಂಕ್ರೀಟ್ ಕಲಸಲೆಂದು ಡ್ರಮ್ಮಿನ ಒಳಗೋಡೆಗೆ ಕೂರಿಸಿದ ಉಕ್ಕಿನ ರೆಕ್ಕೆಯ ಆಚೆ ಸರಿಸಿದ. ಆಮೇಲೆ ಕಿಂಡಿಗೆ ಬಾಯಿ ಹಚ್ಚಿದ.

"ಉಲ್ಟಾ ತಿರುಗಿಸ್ರಿ. ಡ್ರೈವರನ ಕೈ ಲಿವರ್ ಮ್ಯಾಲ. ಚಾವಿ ಮ್ಯಾಲ ನಿನ್ನ ಕೈ. ನಾ ಕೂಗಿದ ಕೂಡ್ಲೆ ಬಂದ್."

ಮತ್ತೆ ಮುದುಡಿದ. ಉಕ್ಕು ನಡುಗಿತು. ನೆಲ ಓರೆಯಾಯಿತು, ಅವನು ಒಂದು ಸಲ ಉರುಳಿ ರೆಕ್ಕೆಗೆ ಬೆನ್ನು ಕೊಟ್ಟು ನಿಂತ. ಬೆಳಕು ಅಗಲವಾಗುತ್ತ, ಗೇಣಿದ್ದದ್ದು ಮೊಳವಾಗಿ, ಎದುರಿಗೆ ಗೋಡೆಯ ಇಟ್ಟಿಗೆ ಕಂಡಾಗ ಕೂಗಿದ. ಮರಗಮ್ಮ ಚಾವಿ ತಿರುಗಿಸಿ ಕಿತ್ತೇ ಬಿಟ್ಟಳು.

ಎಳೆದು ತಂದು ಗೋಡೆಯ ನೆರಳಲ್ಲಿ ಮಲಗಿಸಿದರು. ಕಮಲಾಕ್ಷ ಆಸ್ಪತ್ರೆಗೆ ರಿಕ್ಷಾ ಕರೆಯುತ್ತ, ಗಾಡಿ ದಾರಿಗೆ ಅಡ್ಡವಾಗಿದೆ, ಸ್ವಲ್ಪ ಮುಂದಕ್ಕೆ ತೆಗಿ ಎಂದು ಅನಿಲಕುಮಾರನಿಗೆ ಹೇಳಿದ. ಅನಿಲಕುಮಾರ ಚಾವಿಗೆ ಕೈ ಚಾಚಿದ. ಅದು ಆಗಲೇ ಮರಗಮ್ಮನ ಸೆರಗಿನ ಗಂಟಿನಲ್ಲಿತ್ತು.

"ಇನ್ನ ಚಪ್ಪಲಿ ಇಡಂಗಿಲ್ಲ," ಅಂದ ಸೈದಪ್ಪ, ನೆಲದಿಂದಲೇ. "ಒಳಗ ಇಳಿಯಾಂವನ ಕಿಸೇದಾಗ ಚಾವಿ."

ಅವನು ಇನ್ನೂ ಮುದುಡಿಯೇ ಇದ್ದ. ರಿಕ್ಷಾ ಬರುವ ತನಕ ಮರಗಮ್ಮ ಅವನ ಮೊಣಕಾಲುಗಳನ್ನು ಒಂದೊಂದಾಗಿ ಹಿಡಿದು, ನಿಧಾನವಾಗಿ, ನೆಟ್ಟಗೆ ಮಾಡುತ್ತಿದ್ದಳು.